ರಕ್ಷಣೆ ಸಿಕ್ಕ ಮೇಲೂ ಪಾಪ ಅರಿಕೆ ಮಾಡಬೇಕೇ?

ಮಾಡಬೇಕು. ಯೇಸುವನ್ನು ನಂಬಿದಾಗಲೇ ಎಲ್ಲ ಪಾಪವೂ ಕ್ಷಮೆಯಾಯಿತಲ್ಲ, ಮತ್ತೇಕೆ ಕೇಳುವುದು ಎಂಬ ನಿಮ್ಮ ಗೊಂದಲ ಸಹಜ. ಆದರೆ ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂದು ಯೋಹಾನನು ತನ್ನ ಮೊದಲನೆಯ ಪತ್ರಿಕೆಯಲ್ಲಿ (1:9) ಬರೆದದ್ದು ಆಗಲೇ ನಂಬಿದ್ದ ಜನರಿಗೆ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿ ನೋಡಿ. ಕೊನೆಯ ಊಟದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯುವಾಗ ಪೇತ್ರ ಮೊದಲು ಬೇಡವೆನ್ನುತ್ತಾನೆ, ಆಮೇಲೆ ಕೈ, ತಲೆಯನ್ನೂ ತೊಳೆ ಎನ್ನುತ್ತಾನೆ. ಸ್ನಾನ ಮಾಡಿದವನಿಗೆ ಕಾಲು ತೊಳೆದರೆ ಸಾಕು ಎಂಬುದು ಯೇಸುವಿನ ಉತ್ತರ. ಸ್ನಾನವೆಂದರೆ ಒಮ್ಮೆ ಸಿಕ್ಕ ರಕ್ಷಣೆ, ಕಾಲು ತೊಳೆಯುವುದೆಂದರೆ ದಿನದಿನದ ಕ್ಷಮೆ ಎಂದು ಅನೇಕ ಪ್ರೊಟೆಸ್ಟೆಂಟ್ ಬೋಧಕರು ವಿವರಿಸುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ: ತಪ್ಪು ಮಾಡಿದ ಮಗ ಮಗನಾಗಿಯೇ ಉಳಿಯುತ್ತಾನೆ, ಅಪ್ಪನೊಡನೆ ಮಾತು ಮಾತ್ರ ಕಡಿದಿರುತ್ತದೆ.

ಕಥೋಲಿಕರ ನಿಲುವು ಬೇರೆ. ದೀಕ್ಷಾಸ್ನಾನದ (ಕ್ರೈಸ್ತನಾಗುವಾಗ ನೀರಿನಿಂದ ನಡೆಯುವ ಸಂಸ್ಕಾರದ) ನಂತರ ಮಾಡಿದ ಘೋರ ಪಾಪ ದೇವರ ಕೃಪೆಯಿಂದಲೇ ದೂರ ಮಾಡುತ್ತದೆ, ಆದ್ದರಿಂದ ಚರ್ಚಿನ ಗುರುಗಳ (ಪಾದ್ರಿಯ) ಬಳಿ ಪಾಪನಿವೇದನೆ ಬೇಕು. ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕೆಂಬ ನಿಯಮ 1215ರ ಲ್ಯಾಟರನ್ ಸಭೆ ಎಂಬ ಬಿಷಪರ ಮಹಾಸಭೆಯದು. ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ 1517ರಲ್ಲಿ ಮಂಡಿಸಿದ 95 ವಾದಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂಬುದು.

ಒಂದು ಮಾತು: ನೀವು ನೋಯಿಸಿದ್ದು ಮನುಷ್ಯರನ್ನಾದರೆ ದೇವರ ಮುಂದೆ ಅತ್ತರಷ್ಟೇ ಸಾಲದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 5:23-24).