‘ಯೇ’ ಬರಿಯ ಹಳೆಯ ‘ಯೆಸ್’ ಅಲ್ಲ

ಮಾನ್ಯರೆ,

ಇಂಗ್ಲಿಷಿನ ಹಳೆಯ ಸಮ್ಮತಿಸೂಚಕ ಪದವಾದ ‘ಯೇ’ (yea) ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

‘ಯೇ ಎಂದರೆ ಯೆಸ್‌ನ ಹಳೆಯ ರೂಪ’ ಎಂಬ ನಿಮ್ಮ ಮೊದಲ ವಾಕ್ಯವೇ ಲೇಖನವನ್ನು ದಾರಿ ತಪ್ಪಿಸಿದೆ. ಎರಡೂ ಪದಗಳು ಹಳೆಯ ಇಂಗ್ಲಿಷಿನಲ್ಲಿ ಜೊತೆಜೊತೆಗೇ ಇದ್ದವು. ‘ಯೇ’ ಜರ್ಮನ್ನಿನ ‘ಯಾ’ ಪದದ ದಾಯಾದಿ. ‘ಯೇ’ಗೆ ‘ಆಗಲಿ’ ಎಂಬ ಅರ್ಥದ ಕ್ರಿಯಾರೂಪ ಸೇರಿ ‘ಯೆಸ್’ ಹುಟ್ಟಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಮುಂದೆ ಇವೆರಡರ ನಡುವೆ ಕೆಲಸವೂ ಹಂಚಿಕೆಯಾಗಿತ್ತು. ‘ಅವನು ಬಂದನೆ?’ ಎಂದು ಕೇಳಿದರೆ ಒಪ್ಪುವವನು ‘ಯೇ’ ಎನ್ನುತ್ತಿದ್ದ, ‘ಅವನು ಬರಲಿಲ್ಲವೆ?’ ಎಂದು ಕೇಳಿದಾಗ, ಬಂದೇ ಇದ್ದಾನೆಂದು ಸಾಧಿಸಬೇಕಿದ್ದರೆ ‘ಯೆಸ್’ ಎನ್ನುತ್ತಿದ್ದ. ನಿರಾಕರಣೆಗೂ ಇದೇ ಕ್ರಮ: ಮೊದಲ ಬಗೆಯ ಪ್ರಶ್ನೆಗೆ ‘ನೇ’ (nay), ಎರಡನೆಯ ಬಗೆಗೆ ‘ನೋ’.

ಲೇಖನದ ಜೀವ ಇರುವುದು ಇಲ್ಲಿ, ಮತ್ತು ನೀವು ಬಿಟ್ಟಿರುವುದೂ ಇದನ್ನೇ. ವಿಲಿಯಂ ಟಿಂಡೇಲ್ 1526ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ಅನುವಾದಿಸಿದಾಗ, ‘ನೀನು ಆ ಪ್ರವಾದಿಯೋ?’ ಎಂಬ ಪ್ರಶ್ನೆಗೆ ಸ್ನಾನಿಕ ಯೋಹಾನನ ಬಾಯಲ್ಲಿ ‘ನೋ’ ಎನ್ನಿಸಿದ. ಅಲ್ಲಿ ‘ನೇ’ ಎನ್ನಬೇಕಿತ್ತೆಂದು ತಾಮಸ್ ಮೋರ್ 1532ರಲ್ಲಿ ಅವನನ್ನು ಕಟುವಾಗಿ ತಿದ್ದಿದ. ಆದರೆ ನಿಯಮವನ್ನು ವಿವರಿಸಹೊರಟು ತಾನೇ ಎರಡು ಪದಗಳನ್ನು ಅದಲುಬದಲು ಮಾಡಿಬಿಟ್ಟ. ಅಷ್ಟು ದೊಡ್ಡ ವಿದ್ವಾಂಸನೇ ಎಡವಿದನೆಂದರೆ ಆ ಹೊತ್ತಿಗೆ ನಿಯಮ ಎಷ್ಟು ಸಡಿಲವಾಗಿತ್ತೆಂಬುದು ತಿಳಿಯುತ್ತದೆ.

ಇದನ್ನು ಕನ್ನಡದ ಓದುಗರಿಗೆ ಹೇಳುವಾಗ ನಿಮಗೆ ಒಳ್ಳೆಯ ಅನುಕೂಲವಿದೆ. ‘ಊಟ ಮಾಡಲಿಲ್ಲವೆ?’ ಎಂದು ಕೇಳಿದರೆ ನಾವು ‘ಹೌದು, ಮಾಡಲಿಲ್ಲ’ ಎನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ, ಇಂಗ್ಲಿಷಿನ ‘ಯೆಸ್’ ಅಲ್ಲಿ ಎದುರು ನಿಲ್ಲುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ನಾವೆಲ್ಲ ತಡವರಿಸಿದ ಜಾಗವಿದು.

ನೀವು ಎಲ್ಲ ಕಡೆಯೂ ‘ಯೇ’ಗೆ ‘ಹೌದು’ ಎಂದೇ ಬರೆದಿರುವುದು ಇನ್ನೊಂದು ದೋಷ. 1611ರ ಬೈಬಲ್ ಅನುವಾದದ 23ನೆಯ ಕೀರ್ತನೆಯಲ್ಲಿ, ಮರಣದ ನೆರಳಿನ ಕಣಿವೆಯಲ್ಲಿ ನಡೆಯುವ ಮಾತು ಆರಂಭವಾಗುವುದು ಈ ಪದದಿಂದಲೇ. ಅಲ್ಲಿ ಯಾರೂ ಪ್ರಶ್ನೆ ಕೇಳಿಲ್ಲ. ಹಿಂದಿನ ಮಾತಿಗೆ ಬಲ ಕೊಡಲು ‘ಅಷ್ಟೇ ಏಕೆ’ ಎಂಬಂತೆ ಪದ ಬಂದಿದೆ. ಹಾಗೆಯೇ, ‘ಯೇ’ ಸವೆದು ‘ಐ’ (aye) ಆಯಿತೆಂಬ ಸಾಲನ್ನು ತೆಗೆದುಬಿಡಿ. ಲೋಕಸಭೆಯಲ್ಲಿ ಇಂದಿಗೂ ಮತಕ್ಕೆ ಹಾಕುವಾಗ ಕೇಳುವ ಆ ‘ಐ’ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಥಟ್ಟನೆ ಬರಹಕ್ಕೆ ಬಂದ ಪದ. ಅದರ ಮೂಲ ಇತ್ಯರ್ಥವಾಗಿಲ್ಲ.

ಭಾಷೆಯ ಹಿರಿಮೆಯನ್ನು ಹೊಗಳುವ ಮೊದಲ ಎರಡು ಪ್ಯಾರಾಗಳನ್ನು ಪೂರ್ತಿ ಕೈಬಿಟ್ಟು, ಯೋಹಾನನಿಗೆ ಹಾಕಿದ ಪ್ರಶ್ನೆಯಿಂದಲೇ ಲೇಖನವನ್ನು ಆರಂಭಿಸಿ ಮತ್ತೆ ಕಳುಹಿಸಿ. ನಾನೇ ಓದುತ್ತೇನೆ.

ಇತಿ,
ಸಂಪಾದಕ