ಏಳನೇ ದಿನ, ಇನ್ನೂ ಗುಳ್ಳೆ ಬರುತ್ತಿರುವಾಗಲೇ ಲಾಗರ್ ಬಿಯರ್ ಬೇರೆ ಪಾತ್ರೆಗೆ ಹಾಕಿ ಹಾಪ್ಸ್ (ಪರಿಮಳ, ಕಹಿ ಕೊಡುವ ಹೂ) ಸೇರಿಸಬಹುದಾ?

ಬೇಡ, ಸ್ವಲ್ಪ ತಡೆಯಿರಿ. ಏಳನೇ ದಿನವೂ ಏರ್‌ಲಾಕ್‌ನಲ್ಲಿ (ಅನಿಲ ಹೊರಬಿಟ್ಟು ಗಾಳಿ ತಡೆಯುವ ಮುಚ್ಚಳ) ಗುಳ್ಳೆ ಏಳುತ್ತಿದೆ ಅಂದರೆ ಯೀಸ್ಟ್ ಇನ್ನೂ ದುಡಿಯುತ್ತಿದೆ ಅಂತ. ಲಾಗರ್ ಯೀಸ್ಟ್ 10ರಿಂದ 13 ಡಿಗ್ರಿಯಲ್ಲಿ ನಿಧಾನವೇ, ಎರಡು ವಾರ ಹಿಡಿಯಬಹುದು. ಈಗಲೇ ಬದಲಾಯಿಸಿದರೆ ಯೀಸ್ಟ್ ಬಹಳಷ್ಟು ತಳದಲ್ಲೇ ಉಳಿದು, ಹುದುಗುವಾಗ ಹುಟ್ಟುವ ಡೈಅಸಿಟೈಲ್‌ನ ಬೆಣ್ಣೆ ವಾಸನೆ ಬಿಯರ್‌ನಲ್ಲಿ ಕೂತುಬಿಡಬಹುದು.

ಅಸಲಿಗೆ ಪಾತ್ರೆ ಬದಲಾಯಿಸುವ ಅಗತ್ಯವೇ ಇಲ್ಲ. ನಾನು ಒಮ್ಮೆ ಮಡಿಕೇರಿಯ ಡಿಸೆಂಬರ್ ಚಳಿ ನಂಬಿಕೊಂಡು ಲಾಗರ್ ಹಾಕಿ, ಮನೆಯಲ್ಲಿ ಕಿತ್ತಳೆ ವೈನ್ ಸೋಸುವ ಹಾಗೆ ಬಟ್ಟೆ ಕಟ್ಟಿ ಮೇಲಿಂದ ಸುರಿದಿದ್ದೆ. ಮೂರು ವಾರಕ್ಕೆ ಒದ್ದೆ ರಟ್ಟಿನ ವಾಸನೆ! ಗಾಳಿಯ ಆಮ್ಲಜನಕದ ಕೆಲಸ ಅದು. ಬದಲಾಯಿಸಲೇಬೇಕು ಅಂದ್ರೆ ಸೈಫನ್ ಕೊಳವೆಯ ಸುರಿಯುವ ತುದಿ ಹೊಸ ಪಾತ್ರೆಯ ತಳಕ್ಕೆ ತಾಗಿರಲಿ, ಸದ್ದಾಗಬಾರದು.

ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ನೋಡಿ. ಕೊನೆಯ ಗ್ರಾವಿಟಿಗೆ, ಅಂದರೆ ಹುದುಗು ಮುಗಿದಾಗಿನ ಸಾಂದ್ರತೆಗೆ, ನಾಲ್ಕೈದು ಪಾಯಿಂಟ್ ಬಾಕಿ ಇದ್ದಾಗ, ಅಂದರೆ 1.010ಕ್ಕೆ ನಿಲ್ಲಬೇಕಾದದ್ದು 1.015ರಲ್ಲಿದ್ದಾಗ, 16-18 ಡಿಗ್ರಿಗೆ ಏರಲು ಬಿಟ್ಟು ಅದೇ ಪಾತ್ರೆಗೆ ಹಾಪ್ಸ್ ಹಾಕಿ. ಒಳಗೆ ಹೋದ ಗಾಳಿಯ ಆಮ್ಲಜನಕವನ್ನು ಯೀಸ್ಟೇ ತಿಂದುಹಾಕುತ್ತದೆ. 20 ಲೀಟರಿಗೆ 40-60 ಗ್ರಾಂ ಸಾಕು, ಮೂರ್ನಾಲ್ಕು ದಿನ ಅಷ್ಟೇ. ಜಾಸ್ತಿ ದಿನ ಬಿಟ್ಟರೆ ಹಸಿ ಹುಲ್ಲು ಜಗಿದ ಹಾಗಿರುತ್ತದೆ.

ಹಾಪ್ಸ್‌ನ ಕಿಣ್ವಗಳು ಉಳಿದ ಡೆಕ್ಸ್‌ಟ್ರಿನ್ (ಯೀಸ್ಟ್ ತಿನ್ನಲಾಗದ ಪಿಷ್ಟದ ತುಣುಕು) ಒಡೆದು ಸಕ್ಕರೆ ಮಾಡಿ ಮತ್ತೆ ಹುದುಗು ಶುರು ಮಾಡಬಹುದು, ಹಾಗಾಗಿ ರೀಡಿಂಗ್ ಮೂರು ದಿನ ಒಂದೇ ಇದ್ದರೆ ಮಾತ್ರ ತಣ್ಣಗೆ ಮಾಡಿ ಬಾಟಲಿಗೆ ತುಂಬಿಸಿ. ಇಲ್ಲದಿದ್ದರೆ ಬಾಟಲಿ ಸಿಡಿಯಬಹುದು. ಅಂದಹಾಗೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಅಬಕಾರಿ ನಿಯಮ ನೋಡಿಕೊಂಡಿದ್ದೀರಿ ಅಲ್ವಾ?