ಅಜ್ಜನ ಊರು ಹುಡುಕೋ ಮುಂಚೆ ಹಳೇ ಗಡಿ ತಿಳ್ಕೊಳ್ಳಿ

ಅಜ್ಜ ಸಾಗರದ ಕಡೆಯವರು ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿಲ್ಲ, ವಂಶದ ಮೂಲ ಹುಡುಕೋಕೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕಚೇರಿಗೆ ಆಮೇಲೆ ಹೋಗಿ. ಅಜ್ಜನ ಹಳ್ಳಿ ಯಾವುದು, ಆಗ ಅದು ಯಾರ ಆಡಳಿತದಲ್ಲಿತ್ತು, ಮೊದಲು ಇವೆರಡು ಗೊತ್ತಾಗಲಿ.

ಈಗ ಎಲ್ಲಾ ಒಂದೇ ಕರ್ನಾಟಕ. 1956ಕ್ಕೆ ಮುಂಚೆ ನಮ್ಮ ಕಡೆ ಹಾಗಿರಲಿಲ್ಲ. ಆಗುಂಬೆ ಮೈಸೂರಿಗೆ ಸೇರಿತ್ತು, ಘಾಟಿ ಇಳಿದು ಸೋಮೇಶ್ವರಕ್ಕೆ ಹೋದರೆ ಮದ್ರಾಸು. ಜೋಗದಲ್ಲಿ ಶರಾವತಿಯ ಆಚೆ ದಡ ಬಾಂಬೆ ಪ್ರಾಂತ್ಯ, ಅಲ್ಲಿರೋ ಬಂಗಲೆಗೆ ಬಾಂಬೆ ಬಂಗಲೆ ಅಂತಲೇ ಹೆಸರು. ಆದರೆ ಹೆಣ್ಣು ಕೊಡೋದು, ತರೋದು, ತೋಟದ ಕೆಲಸಕ್ಕೆ ಘಟ್ಟ ಹತ್ತಿ ಬರೋದು ಯಾವುದೂ ಈ ಗಡಿಗೆ ನಿಲ್ಲಲಿಲ್ಲ. ಹಾಗಾಗಿ ಅಜ್ಜಿಯ ತವರು ಕುಂದಾಪುರದ ಕಡೆ ಅಂತಾದರೆ, ಅದೂ ಆಗ ಮದ್ರಾಸಿಗೇ ಸೇರಿದ್ದರಿಂದ, ಅವರ ಮನೆಯ ಹಳೇ ದಾಖಲೆಯ ಜಾಡು ಚೆನ್ನೈವರೆಗೂ ಹೋಗಬಹುದು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕೋ ಮನೆತನವಾದರೆ ಅಪ್ಪನ ಕಡೆಯಿಂದ ಹುಡುಕಿ ಪ್ರಯೋಜನವಿಲ್ಲ, ತಾಯಿಯ ‘ಬಳಿ’ (ಕುಲದ ಹೆಸರು) ಯಾವುದು ಅಂತ ಕೇಳಬೇಕು.

ಹಿರಿಯರ ಹತ್ತಿರ ಇಸವಿ ಕೇಳಬೇಡಿ, ಹೇಳೋಕಾಗಲ್ಲ. ‘ಲಿಂಗನಮಕ್ಕಿಯಲ್ಲಿ ನೀರು ನಿಲ್ಲೋ ಮೊದಲಾ, ಆಮೇಲಾ?’ ಅಂತ ಕೇಳಿ, ತಟ್ಟನೆ ಹೇಳ್ತಾರೆ. ಶರಾವತಿಗೆ ಕಟ್ಟಿದ ಆ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಿಮ್ಮದು ಮುಳುಗಡೆ ಕುಟುಂಬವಾಗಿದ್ದರೆ ಅಜ್ಜನ ಊರು ಈಗ ನೀರಿನಡಿ ಇರುತ್ತೆ, ನೆಂಟರು ಶಿವಮೊಗ್ಗ, ಹೊಸನಗರ, ತೀರ್ಥಹಳ್ಳಿ ಅಂತ ಚದುರಿರ್ತಾರೆ.

ಆಮೇಲೆ ಅಟ್ಟ ಹತ್ತಿ. ಹಳೇ ಲಗ್ನಪತ್ರಿಕೆ, ಅಡಿಕೆ ಮಂಡಿಯ ಪಟ್ಟಿ ಸಿಗಬಹುದು. ನನ್ನ ಕೇಳಿದರೆ ಮುಯ್ಯಿ ಬರೆದ ಪುಸ್ತಕ ಎಲ್ಲಕ್ಕಿಂತ ಮೇಲು. ಹೆಸರು, ಊರು, ಎದುರಿಗೆ ಒಂದೋ ಎರಡೋ ರೂಪಾಯಿ, ಅಷ್ಟೇ ಇರುತ್ತೆ. ಆದರೆ ಮನೆಯವರೇ ಮರೆತು ಬಿಟ್ಟಿರೋ ನೆಂಟರ ಊರೆಲ್ಲಾ ಅದರಲ್ಲಿ ಸಾಲಾಗಿ ಸಿಗುತ್ತೆ.

ಇನ್ನು ಪಹಣಿ, ಅಂದರೆ ಜಮೀನಿನ ದಾಖಲೆ. ಕಂಪ್ಯೂಟರ್ ಪಹಣಿ 2000ದ ಆಸುಪಾಸಿನಿಂದ ಈಚೆಯದು, ಅದಕ್ಕಿಂತ ಹಿಂದಿನ ಕೈಬರಹದ್ದು ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಸರ್ವೆ ನಂಬರ್ ಇಲ್ಲದೆ ಹೋದರೆ ಸುಮ್ನೆ ವಾಪಸ್ ಕಳಿಸ್ತಾರೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡೋದು ಜಾಸ್ತಿ, ಹಾಗಾಗಿ ಒಂದು ಕಡೆ ತಿಮ್ಮಪ್ಪ ಬಿನ್ (ಅಂದರೆ ಮಗ) ಮಂಜಪ್ಪ, ಇನ್ನೊಂದು ಕಡೆ ಮಂಜಪ್ಪ ಬಿನ್ ತಿಮ್ಮಪ್ಪ ಅಂತ ಕಂಡಾಗ ಯಾರು ಅಪ್ಪ ಯಾರು ಮಗ ಅಂತ ತಲೆ ಕೆಡುತ್ತೆ. ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗೋದು) ಆದ ವರ್ಷದ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ದಾಖಲೆ ತೆಗೆಸಿ, ಯಾರು ತೀರಿಕೊಂಡರು, ವಾರಸುದಾರರು ಯಾರ್‍ಯಾರು ಅಂತ ಅದರಲ್ಲಿ ಇರುತ್ತೆ.

ಸ್ವಂತ ಜಮೀನಿಲ್ಲದ ಮನೆಯವರು ಕಾಗದದಲ್ಲಿ ಸಿಗಲ್ಲ ಅಂತ ಕೈ ಚೆಲ್ಲಬೇಡಿ. ಸಾಗರ ಅಂದರೆ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು. 1951ರಲ್ಲಿ ಭತ್ತದ ಗೇಣಿ ಅಳೆಯೋ ಕೊಳಗದ ವಿಚಾರಕ್ಕೇ ಇಲ್ಲಿ ಜಗಳ ಎದ್ದಿದ್ದು. 1974ರಲ್ಲಿ ಉಳುವವನೇ ಹೊಲದೊಡೆಯ ಕಾನೂನು ಬಂದಾಗ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಆ ಕಡತ ಸಿಕ್ಕರೆ ನಿಮ್ಮ ಅದೃಷ್ಟ. ಗೇಣಿದಾರ ಯಾರು, ಒಡೆಯ ಯಾರು, ಯಾವ ಸರ್ವೆ ನಂಬರ್ ಎಲ್ಲಾ ಇರುತ್ತೆ, ಸಾಕ್ಷಿ ಹೇಳಿಕೆ ಇದ್ದರೆ ಅಜ್ಜನ ಮಾತೇ ಓದಿದ ಹಾಗೆ. ಹಳೇ ಪಹಣಿಯ 12ನೇ ಕಾಲಂ ಕೂಡ ನೋಡಿ, ಸಾಗುವಳಿ ಮಾಡ್ತಿದ್ದವರ ಹೆಸರು ಅಲ್ಲಿರುತ್ತೆ.

ಓದೋಕೆ ಬಾರದ ತಾಳೆಗರಿ ಸಿಕ್ಕರೆ ಅದು ತಿಗಳಾರಿ ಅನ್ನೋ ಹಳೇ ಲಿಪಿ ಇರಬಹುದು. ಎಸೆಯಬೇಡಿ, ಫೋಟೋ ತೆಗೆದು ಕೆಳದಿ ಮ್ಯೂಸಿಯಂನಲ್ಲಿ ತೋರಿಸಿ, ಅಲ್ಲಿ ಅಂಥ ಗರಿಗಳ ದೊಡ್ಡ ಸಂಗ್ರಹವೇ ಇದೆ.

ಇಲ್ಲಿಗೆ ಬರೋದಾದರೆ ಮಳೆಗಾಲ ಬೇಡ. ಅಡಿಕೆ ಸುಗ್ಗಿಯಲ್ಲೂ ಬೇಡ, ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತೆ, ಆಗ ಹೊರಗಿರೋ ನೆಂಟರೂ ಊರಿಗೆ ಬಂದಿರ್ತಾರೆ, ಒಂದೇ ಮನೆಯಲ್ಲಿ ನಾಲ್ಕು ಹಿರಿಯರು ಒಟ್ಟಿಗೆ ಸಿಗ್ತಾರೆ.